ಗ್ಯಾರೇಜ್ ಕಟ್ಟೆ: ನಾಲ್ಕು ಗೇರಿನ ಹಳೇ ಬೆಂಜ್‌ಗೆ ಐದು ಗೇರಿನ ಆಸೆ

ಬೆಳಗಾವಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಗ್ಯಾರೇಜಿನ ತಗಡಿನ ಮೇಲೆ ಹನಿ ಬೀಳುವ ಸದ್ದಿಗೆ ಫೋನ್ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಈ ಸಲ ನಿಮ್ಮ ಪತ್ರಗಳನ್ನು ನಿಧಾನವಾಗಿ ಕೂತು ಓದಿದೆ. ಬಾಗಲಕೋಟೆಯಿಂದ ಬಂದ ಒಂದು ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದರ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಆ ತಪ್ಪಿನ ಲೆಕ್ಕ ಇನ್ನೊಬ್ಬರಿಗೆ ಉಪಯೋಗ ಆಗಲಿ ಅಂತ ಆಸೆ.

ಪ್ರಶ್ನೆ: ಸರ್, ನನ್ನ ಹತ್ತಿರ 1991ರ ಮರ್ಸಿಡಿಸ್ 300ಇ-24 ಇದೆ. ನಮ್ಮ ಕಾಕಾ ಇಂಗ್ಲೆಂಡಿನಿಂದ ವಾಪಸ್ ಬರುವಾಗ ತಂದ ಗಾಡಿ, ಈಗ ನನ್ನ ಹೆಸರಿಗಾಗಿದೆ. ಎಂಜಿನ್ ಬಂಗಾರ. ತೊಂದರೆ ಇರುವುದು ನಾಲ್ಕು ಗೇರಿನ ಆಟೊಮ್ಯಾಟಿಕ್‌ನಲ್ಲಿ. ಬೆಳಿಗ್ಗೆ ರಿವರ್ಸ್ ಹಾಕಿದರೆ ಮೂರ್ನಾಲ್ಕು ಸೆಕೆಂಡ್ ಸುಮ್ನೆ ನಿಲ್ಲುತ್ತದೆ, ಆಮೇಲೆ ಧಡ್ ಅಂತ ಹಿಡಿಯುತ್ತದೆ. ಎರಡರಿಂದ ಮೂರಕ್ಕೆ ಬೀಳುವಾಗ ಎಂಜಿನ್ ಒಂದು ಕ್ಷಣ ರೇಸ್ ಆಗುತ್ತದೆ. ಪುಣೆಯ ಗುಜರಿಯಲ್ಲಿ ಇ-ಕ್ಲಾಸ್ ಗಾಡಿಯ ಐದು ಗೇರಿನ 722.6 ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇದೆಯಂತೆ. ಬೋಲ್ಟ್ ಹಾಕುವ ತೂತುಗಳು ಕೂಡುತ್ತವೆ ಅನ್ನುತ್ತಾರೆ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿಬರುತ್ತೇನೆ, ಐದನೇ ಗೇರ್ ಇದ್ದರೆ ಎಷ್ಟು ಚೆನ್ನ. ಹಾಕಿಸಿಬಿಡಲೇ?
(ವಿದ್ಯಾಗಿರಿ, ಬಾಗಲಕೋಟೆ)

ಉತ್ತರ: ಮೊದಲು ಗಾಡಿಗೆ ಒಂದು ನಮಸ್ಕಾರ. 24 ವಾಲ್ವಿನ ಆ ಮೂರು ಲೀಟರ್ ಸಾಲು-ಆರು ಎಂಜಿನ್ 220 ಕುದುರೆಶಕ್ತಿ ಕೊಡುತ್ತಿತ್ತು. ಅಂದಿನ ಕಾಲಕ್ಕೆ ಅದು ದೊಡ್ಡ ಮಾತು. 1995ರಲ್ಲಿ ಪುಣೆಯಲ್ಲಿ ಬೆಂಜ್ ಜೋಡಣೆ ಶುರುವಾದದ್ದು ಇದೇ ಡಬ್ಲ್ಯು124 ಮೈಕಟ್ಟಿನ ಗಾಡಿಯಿಂದ. ಆದರೆ ನಿಮ್ಮ ಎಂಜಿನ್ ಇರುವ ಗಾಡಿ ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ಅದಕ್ಕೇ ಅವಸರ ಬೇಡ.

ಪುಣೆಗೆ ಫೋನ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ರ‍್ಯಾಂಪಿಗೆ ಏರಿಸಿ. ನಿಮ್ಮ ಹಳೇ ಗೇರ್ ಬಾಕ್ಸಿನ ಮೈಮೇಲೆ ತಟ್ಟೆಯಂಥ ಒಂದು ಸಣ್ಣ ಡಬ್ಬಿ ಕಾಣುತ್ತದೆ. ಅದು ವ್ಯಾಕ್ಯೂಮ್ ಮಾಡ್ಯುಲೇಟರ್. ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪು ಅದಕ್ಕೆ ಬಂದು ಸೇರುತ್ತದೆ. ಎಂಜಿನ್ ಮೇಲೆ ಎಷ್ಟು ಭಾರ ಇದೆ ಅನ್ನೋದನ್ನು ಗೇರ್ ಬಾಕ್ಸಿಗೆ ತಿಳಿಸುವುದು ಆ ಪೈಪಿನ ಎಳೆತವೇ. ಪೈಪಿನ ರಬ್ಬರ್ ಮೂಲೆ ಬಿರುಕು ಬಿಟ್ಟಿದ್ದರೆ ಗೇರ್ ಬೀಳುವುದು ಕೆಡುತ್ತದೆ. ಪೈಪನ್ನು ಮೆಲ್ಲಗೆ ಎಳೆದು ಅದರ ಬಾಯಿ ನೋಡಿ. ಒಳಗೆ ಕೆಂಪು ಆಯಿಲ್ ಹನಿ ಇದ್ದರೆ ಮಾಡ್ಯುಲೇಟರಿನ ಒಳಗಿನ ರಬ್ಬರ್ ಪರದೆ (ಡಯಾಫ್ರಮ್) ಹರಿದಿದೆ ಅಂತ ಅರ್ಥ. ಆಗ ಎಂಜಿನ್ ಗೇರ್ ಬಾಕ್ಸಿನ ಆಯಿಲ್ ಕುಡಿಯುತ್ತಿರುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬರುತ್ತದೆ. ಇದು ಒಂದು ಮಧ್ಯಾಹ್ನದ ಕೆಲಸ.

ಎರಡರಿಂದ ಮೂರಕ್ಕೆ ಮಾತ್ರ ರೇಸ್ ಆಗುತ್ತಿದೆ ಅಂದಿರಲ್ಲ, ಇದು ಈ ಜಾತಿಯ ಗೇರ್ ಬಾಕ್ಸಿನ ಹಳೇ ಚಾಳಿ. ಮೂರನೇ ಗೇರಿನ ಕ್ಲಚ್ಚಿಗೆ ಒತ್ತಡ ಹದವಾಗಿ ಏರಿಸುವ ಸ್ಪ್ರಿಂಗ್ ಸೋತಿರುತ್ತದೆ. ಕೆ1 ಸ್ಪ್ರಿಂಗ್ ಕಿಟ್ ಅಂತ ಸಿಗುತ್ತದೆ. ಗೇರ್ ಬಾಕ್ಸಿನ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿ, ಗೇರ್ ಬಾಕ್ಸ್ ಇಳಿಸದೆಯೇ ಹಾಕಬಹುದು. ಆಕ್ಸಿಲರೇಟರ್ ಕಡೆಯಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್ ಸಡಿಲಾಗಿದೆಯಾ ಅಂತಲೂ ನೋಡಿ. ಇನ್ನೊಂದು ಮಾತು. ನಿಮ್ಮ ಗಾಡಿ ಮೆಲ್ಲಗೆ ಹೊರಟಾಗ ಎರಡನೇ ಗೇರಿನಲ್ಲೇ ಹೊರಡುತ್ತದೆ, ಅದು ರೋಗ ಅಲ್ಲ. ಕಂಪನಿ ಹಾಗೇ ಮಾಡಿದೆ.

ರಿವರ್ಸ್ ತಡವಾಗುವುದು ಬೇರೆ ಕಥೆ. ಅದಕ್ಕೆ ಸಮಾಧಾನದ ಮಾತು ಹೇಳಲಾರೆ. ತಣ್ಣಗಿರುವಾಗ ಮಾತ್ರ ಹೀಗಾಗಿ, ಬಿಸಿಯಾದ ಮೇಲೆ ಸರಿಹೋಗುತ್ತಿದ್ದರೆ ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿವೆ. ಮೊದಲು ಆಯಿಲ್ ಮಟ್ಟ ನೋಡಿ, ಕಡಿಮೆ ಇದ್ದರೂ ಹೀಗೇ ಆಗುತ್ತದೆ. ಮಟ್ಟ ಸರಿ ಇದ್ದೂ ತಡ ಆಗುತ್ತಿದ್ದರೆ ಇವತ್ತಲ್ಲ ನಾಳೆ ಆ ಗೇರ್ ಬಾಕ್ಸ್ ಇಳಿಯಲೇಬೇಕು. ನಿಮ್ಮ ಪ್ರಶ್ನೆ ನಿಜವಾಗಿ ಹುಟ್ಟುವುದು ಅಲ್ಲೇ: ಇಳಿದದ್ದನ್ನೇ ಸೀಲು, ಕ್ಲಚ್ ಪ್ಲೇಟ್ ಬದಲಿಸಿ ಹಾಕೋದಾ, ಇಲ್ಲಾ 722.6 ಹಾಕೋದಾ?

722.6 ಒಳ್ಳೇ ಗೇರ್ ಬಾಕ್ಸ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 1996ರಿಂದ ಬೆಂಜ್‌ನಲ್ಲಿ ಬಂತು. ಆಮೇಲೆ ಜಾಗ್ವಾರ್, ಕ್ರೈಸ್ಲರ್‌ನವರೂ ತೆಗೆದುಕೊಂಡರು. ನಮ್ಮ ರಸ್ತೆಗಳಲ್ಲಿ ಓಡುವ ಆಟೊಮ್ಯಾಟಿಕ್ ರೆಕ್ಸ್‌ಟನ್ ಕೆಳಗೂ ಇದೇ ವಂಶದ್ದು ಇದೆ. ಚಿಕ್ಕ ಮಾದರಿ 330 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ತಡೆಯುತ್ತದೆ, ದೊಡ್ಡದು 580. ನಿಮ್ಮ ಎಂಜಿನ್ ಕೊಡುವುದು 265. ಅಂದರೆ ಚಿಕ್ಕದೇ ಧಾರಾಳ ಸಾಕು, ದೊಡ್ಡದರ ಭಾರ ಸುಮ್ನೆ ಹೊರಬೇಡಿ. ನಿಮ್ಮ ಹಳೇದರಲ್ಲಿ ನಾಲ್ಕನೇ ಗೇರ್ ಒಂದಕ್ಕೊಂದು. ಇದರ ಐದನೇದು 0.83. ಈಗ ಹೆದ್ದಾರಿಯಲ್ಲಿ ಎಂಜಿನ್ 3000 ಸುತ್ತು ತಿರುಗುವ ವೇಗದಲ್ಲಿ ಆಗ 2500ರ ಆಸುಪಾಸು ತಿರುಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ, ಎರಡನ್ನೂ ನೇರ ಹಿಡಿದು ಜಾರದಂತೆ ಮಾಡುವ ಲಾಕಪ್ ಕ್ಲಚ್ ಬೇರೆ ಇದೆ, ನಿಮ್ಮದರಲ್ಲಿ ಇಲ್ಲ. ಬೆಂಗಳೂರು ದಾರಿಯಲ್ಲಿ ಕಿವಿಗೂ ಹಾಯಿ, ಪೆಟ್ರೋಲಿಗೂ ಉಳಿತಾಯ.

ಆದರೆ ತೂತು ಕೂಡಿದರೆ ಗೇರ್ ಬಾಕ್ಸ್ ಕೂಡಿದ ಹಾಗಲ್ಲ ಸರ್. ನಿಮ್ಮ ಹಳೇದು ಆಯಿಲ್ ಒತ್ತಡ, ಒಂದು ಕೇಬಲ್, ಒಂದು ವ್ಯಾಕ್ಯೂಮ್ ಪೈಪು ಇಷ್ಟರಲ್ಲೇ ತನ್ನ ಬುದ್ಧಿ ತಾನೇ ಓಡಿಸುತ್ತದೆ. 722.6ಕ್ಕೆ ಸ್ವಂತ ಬುದ್ಧಿ ಇಲ್ಲ. ಹೊರಗಿನ ಕಂಪ್ಯೂಟರ್ ಹೇಳಿದ ಹಾಗೆ ಅದರ ಒಳಗಿನ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳು ಕೆಲಸ ಮಾಡುತ್ತವೆ. ಹೇಳುವವರಿಲ್ಲದಿದ್ದರೆ ಅದಕ್ಕೆ ಗೊತ್ತಿರುವುದು ಎರಡನೇ ಗೇರ್ ಮತ್ತು ರಿವರ್ಸ್ ಎರಡೇ. ಆ ಕಂಪ್ಯೂಟರಿಗೆ ಎಂಜಿನ್ನಿನ ಸುತ್ತು, ಆಕ್ಸಿಲರೇಟರ್ ಎಷ್ಟು ಒತ್ತಿದೆ, ಚಕ್ರದ ವೇಗ ಎಲ್ಲವೂ ಗಾಡಿಯ ಕಂಪ್ಯೂಟರುಗಳನ್ನು ಕೂಡಿಸುವ ವೈರಿಂಗ್ ಜಾಲದಿಂದ ಸಿಗಬೇಕು. ನಿಮ್ಮ 1991ರ ಗಾಡಿಯಲ್ಲಿ ಆ ಜಾಲವೇ ಇಲ್ಲ. ಹಾಗಾಗಿ ಬೇರೆಯಾಗಿ ಸಿಗುವ ಕಂಟ್ರೋಲರ್ ತರಿಸಿ, ಒಂದೊಂದೇ ವೈರ್ ನಾವೇ ಎಳೆಯಬೇಕು. ಗೇರ್ ಬಾಕ್ಸಿನ ಒಳಗಿನ ಸೆನ್ಸರುಗಳು ಒಳಬರುವ ವೇಗ ಮಾತ್ರ ಹೇಳುತ್ತವೆ, ಹೊರಹೋಗುವ ವೇಗ ಹೇಳುವುದಿಲ್ಲ. ಅದನ್ನು ನಿಮ್ಮ ಹಿಂದಿನ ಡಿಫರೆನ್ಷಿಯಲ್ ಮೇಲಿರುವ ಎಬಿಎಸ್ ಸೆನ್ಸರಿನಿಂದ ತೆಗೆಯಬಹುದು.

ಆಕ್ಸಿಲರೇಟರ್ ಸಿಗ್ನಲ್ ವಿಷಯದಲ್ಲೇ ನಾನು ಎಡವಿದ್ದು. ಕೆಲವು ವರ್ಷಗಳ ಹಿಂದೆ ಗೋಕಾಕ ಕಡೆಯ ಒಂದು ಸಾಲು-ಆರು ಎಂಜಿನ್ನಿನ ಡಬ್ಲ್ಯು124ಗೆ ಇದೇ ಕೆಲಸ ಮಾಡಿದೆವು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಮೇಲೆ, ಅದು ಎಷ್ಟು ತೆರೆದಿದೆ ಅಂತ ಹೇಳುವ ಹೊಸ ಪೊಸಿಷನ್ ಸೆನ್ಸರ್ ಕೂರಿಸಬೇಕಿತ್ತು. ಅದಕ್ಕೊಂದು ತಗಡಿನ ಬ್ರಾಕೆಟ್ ಇಲ್ಲೇ ಬಗ್ಗಿಸಿ ಮಾಡಿದೆ. ನೋಡಲು ಚೆನ್ನಾಗಿತ್ತು. ಗಾಡಿ ಮೊದಲ ದಿನ ಬೆಣ್ಣೆ ಹಾಗೆ ಗೇರ್ ಬದಲಿಸಿತು. ಗ್ರಾಹಕರು ಖುಷಿಯಿಂದ ಒಯ್ದರು. ಸುಮಾರು 600 ಕಿಲೋಮೀಟರ್ ಆದ ಮೇಲೆ ಫೋನ್ ಬಂತು: ಮೂರನೇ ಗೇರ್ ಜಾರುತ್ತಿದೆ.

ಗಾಡಿ ವಾಪಸ್ ಬಂತು. ಲ್ಯಾಪ್‌ಟಾಪ್ ಹಚ್ಚಿ ನಮ್ಮ ಹುಡುಗನನ್ನು ಪಕ್ಕ ಕೂರಿಸಿಕೊಂಡು ಒಂದು ಸುತ್ತು ಹೋದೆ. ನಾನು ಅರ್ಧ ಒತ್ತಿದ್ದೆ. ಅವನು, "ಸರ, ಇಲ್ಲಿ ಇಪ್ಪತ್ತ ತೋರ್ಸಾಕತ್ತೈತ್ರಿ" ಅಂದ. ಅಷ್ಟೇ ಸಾಕಾಯಿತು. ಎಂಜಿನ್ ಬಿಸಿಗೆ, ಅದುರುವಿಕೆಗೆ ನನ್ನ ತೆಳು ಬ್ರಾಕೆಟ್ ಬಗ್ಗಿ ಸೆನ್ಸರ್ ಸರಿದಿತ್ತು. ಕಾಲು ಅರ್ಧ ಒತ್ತಿದರೂ ಕಂಟ್ರೋಲರಿಗೆ ಶೇಕಡಾ 20 ಅಂತ ಸುದ್ದಿ ಹೋಗುತ್ತಿತ್ತು. ಭಾರ ಕಡಿಮೆ ಇದೆ ಅಂದುಕೊಂಡು ಅದು ಕ್ಲಚ್ಚಿಗೆ ಕಡಿಮೆ ಒತ್ತಡ ಕೊಟ್ಟಿತು. ಕ್ಲಚ್ ಜಾರಿತು, ಜಾರಿ ಸುಟ್ಟಿತು. ಬಿಚ್ಚಿ ಪ್ಲೇಟುಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟಾಗ ನೋಡಬೇಕಿತ್ತು. ಕಂದು ಇರಬೇಕಾದ ಲೈನಿಂಗ್ ಕಪ್ಪಾಗಿ, ಉಗುರಿನಿಂದ ಕೆರೆದರೆ ಹುಡಿಯಾಗಿ ಉದುರುತ್ತಿತ್ತು. ತವೆಯ ಮೇಲೆ ಮರೆತ ರೊಟ್ಟಿಯ ಅಂಚು ಇರುತ್ತದಲ್ಲ, ಹಾಗೆ. ಆ ಖರ್ಚು ನಾನೇ ಹೊತ್ತೆ. ಆಮೇಲೆ ಉದ್ಯಮಬಾಗ್‌ನ ಮಷಿನ್ ಶಾಪಿನಲ್ಲಿ ದಪ್ಪ ಅಲ್ಯುಮಿನಿಯಂ ಪಟ್ಟಿಯಿಂದ ಬ್ರಾಕೆಟ್ ಮಾಡಿಸಿದೆ. ಅದು ಇವತ್ತಿಗೂ ಅಲುಗಾಡಿಲ್ಲ. ನಿಮ್ಮ 24 ವಾಲ್ವ್ ಎಂಜಿನ್ನಿನ ಇಂಜೆಕ್ಷನ್ ಕೂಡ ಹಳೇ ಕಾಲದ್ದು. ಅಲ್ಲಿರುವ ಥ್ರಾಟಲ್ ಸ್ವಿಚ್ಚು ಐಡಲ್, ಪೂರ್ತಿ ಒತ್ತು ಎರಡನ್ನೇ ಹೇಳುತ್ತದೆ. ನಿಮಗೂ ಸೆನ್ಸರ್ ಕೂರಿಸಬೇಕಾಗುತ್ತದೆ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಇನ್ನು ಕಬ್ಬಿಣದ ಕೆಲಸ. ಪುಣೆಯದು ಯಾವ ಎಂಜಿನ್ನಿನ ಹಿಂದೆ ಇತ್ತು ಅಂತ ಮೊದಲು ಕೇಳಿ. ಇ-ಕ್ಲಾಸ್ ಅಂದರೆ ಡೀಸೆಲ್ ಇರಬಹುದು, ವಿ6 ಪೆಟ್ರೋಲ್ ಇರಬಹುದು. 722.6ರಲ್ಲಿ ಎಂಜಿನ್ನಿಗೆ ಕೂಡುವ ಗಂಟೆಯಾಕಾರದ ಹೌಸಿಂಗ್ ಬೇರೆ ತುಂಡು. ಬಿಚ್ಚಿ ಬೇರೆ ಹಾಕಬಹುದು, ಅದೊಂದು ಪುಣ್ಯ. ಸಾಲು-ಆರು ಪೆಟ್ರೋಲಿನದೇ ಸಿಕ್ಕರೆ ಅರ್ಧ ತಲೆನೋವು ಕಮ್ಮಿ. 1996ರ ನಂತರದ ಹಳೇ ಎಸ್320 ಗಾಡಿಗಳಲ್ಲಿ ಅಂಥದ್ದಿತ್ತು. ಕನ್ವರ್ಟರ್ ಡೀಸೆಲಿನದು ಹಾಕಬೇಡಿ. ನಿಮ್ಮ ಎಂಜಿನ್ ಮೇಲಿನ ಸುತ್ತಿನಲ್ಲಿ ಉಸಿರಾಡುವಂಥದ್ದು. ಡೀಸೆಲ್ ಕನ್ವರ್ಟರ್ ಅದನ್ನು ಕೆಳಗೇ ಕಟ್ಟಿಹಾಕುತ್ತದೆ, ಹೊರಡುವಾಗ ಗಾಡಿ ಮಂಕಾಗುತ್ತದೆ.

ಕೂರಿಸುವಾಗ ಕನ್ವರ್ಟರ್ ಪಂಪಿನ ಒಳಗೆ ಪೂರ್ತಿ ಇಳಿದಿದೆಯಾ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಕೈಯಿಂದ ತಿರುಗಿಸುತ್ತಾ ಒತ್ತಿದರೆ ಒಂದೊಂದೇ ಮೆಟ್ಟಿಲು ಇಳಿದ ಹಾಗೆ "ಟಕ್" ಅಂತ ಒಳಗೆ ಹೋಗುತ್ತದೆ. ಕೊನೆಯ ಟಕ್ ಆಗದೆ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಪ್ರಾಪೆಲ್ಲರ್ ಶಾಫ್ಟಿನ ಉದ್ದ, ಹಿಂದಿನ ಮೌಂಟಿನ ಪಟ್ಟಿ, ಗೇರ್ ಲಿವರಿನ ಸಲಾಕೆ ಮೂರನ್ನೂ ಅಳೆದೇ ಮಾಡಿಸಬೇಕು. ಶಾಫ್ಟ್ ಕತ್ತರಿಸಿದರೆ ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ. ಇಷ್ಟಕ್ಕೆಲ್ಲ ನೀವು ಮುಂಬೈಗೆ ಹೋಗಬೇಕಿಲ್ಲ. ಕ್ರ್ಯಾಂಕ್‌ಶಾಫ್ಟ್ ಮಾಡುವ ಊರು ಬೆಳಗಾವಿ.

ಜನ ಮರೆಯುವ ಒಂದು ಸಣ್ಣ ಸಂಗತಿ ಸ್ಪೀಡೋಮೀಟರ್. ನಿಮ್ಮ ಗಾಡಿಯ ಮುಳ್ಳನ್ನು ತಿರುಗಿಸುವುದು ಹಳೇ ಗೇರ್ ಬಾಕ್ಸಿನ ಬಾಲದಿಂದ ಹೊರಡುವ ಕೇಬಲ್. 722.6ರಲ್ಲಿ ಆ ಕೇಬಲ್ಲಿಗೆ ಜಾಗವೇ ಇಲ್ಲ. ಎಬಿಎಸ್ ಸಿಗ್ನಲ್ ತೆಗೆದುಕೊಂಡು ಸಣ್ಣ ಮೋಟರಿನಿಂದ ಕೇಬಲ್ ತಿರುಗಿಸುವ ಪೆಟ್ಟಿಗೆ ಸಿಗುತ್ತದೆ. ಅದನ್ನೂ ಮೊದಲೇ ತರಿಸಿ. ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವ ಸ್ವಿಚ್ಚಿನ ವೈರಿಂಗ್ ಹೊಸದಾಗಿ ಮಾಡಬೇಕು. ಅದನ್ನು ಸುಮ್ನೆ ಶಾರ್ಟ್ ಮಾಡಿ ಬಿಟ್ಟ ಗಾಡಿಗಳನ್ನು ನೋಡಿದ್ದೇನೆ. ಗೇರಿನಲ್ಲಿದ್ದಾಗ ಚಾವಿ ತಿರುಗಿಸಿದರೆ ಮುಂದಿರುವ ಮನುಷ್ಯನ ಮೇಲೆ ಹೋಗುತ್ತದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ.

ಗುಜರಿಯಲ್ಲಿ ಗೇರ್ ಬಾಕ್ಸ್ ನೋಡುವಾಗ 13 ಪಿನ್ನಿನ ಪ್ಲಗ್ ಬಿಚ್ಚಿಸಿ. ಅಲ್ಲಿ ಆಯಿಲ್ ಜಿನುಗಿ ವೈರಿನ ಒಳಗಿಂದಲೇ ಕಂಪ್ಯೂಟರ್ ತನಕ ಏರುವುದು ಇದರ ಹೆಸರಾಂತ ರೋಗ. ಹೊಸ ಪ್ಲಗ್ ದುಬಾರಿ ಅಲ್ಲ, ಹೇಗೂ ಬದಲಿಸಿ. ಆಮೇಲೆ ಪ್ಯಾನ್ ತೆಗೆಸಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಗಸಿ ಇದ್ದರೆ ಅದು ಸವಕಳಿ, ಹೆದರಬೇಡಿ. ಬೆರಳಿಗೆ ಚುಚ್ಚುವ ಚೂರು ಇದ್ದರೆ ಬೇಡ. ಆಯಿಲ್ ಗುಲಾಬಿ ಲಸ್ಸಿಯ ಹಾಗೆ ಇದ್ದರೆ ರೇಡಿಯೇಟರಿನ ನೀರು ಸೇರಿದೆ, ಕ್ಲಚ್ಚುಗಳು ಹೋಗಿವೆ. ಪುಕ್ಕಟೆ ಕೊಟ್ಟರೂ ಬೇಡ. ಪ್ಯಾನ್ ತೆಗೆಯಲು ಬಿಡುವುದಿಲ್ಲ ಅಂದರೆ ಅಲ್ಲಿಂದ ವಾಪಸ್ ಬನ್ನಿ.

ನಾನು ಮಾಡಿದ ಎರಡು ಕೆಲಸಗಳಲ್ಲೂ ಗೇರ್ ಬಾಕ್ಸಿಗಿಂತ ಅದರ ಸುತ್ತಲಿನ ಸಾಮಾನಿಗೇ ಹೆಚ್ಚು ಹಣ ಹೋಯಿತು. ನಿಮ್ಮ ಬಜೆಟ್ ಹಾಗೇ ಹಾಕಿಕೊಳ್ಳಿ. ಗಾಡಿ ಕನಿಷ್ಠ ಮೂರು ವಾರ ನಿಲ್ಲುತ್ತದೆ. ಎಲ್ಲ ಸಾಮಾನು ನೆಲದ ಮೇಲೆ ಬಂದು ಬಿದ್ದ ಮೇಲೆಯೇ ಮೊದಲ ಬೋಲ್ಟ್ ಬಿಚ್ಚಿ. ಕಂಟ್ರೋಲರ್ ಬರುವುದಿದೆ ಅಂತ ಗಾಡಿ ಬಿಚ್ಚಿಟ್ಟು ಒಂದು ವರ್ಷ ಧೂಳು ತಿಂದ ಬೆಂಜ್ ನನ್ನ ಕಣ್ಣ ಮುಂದೆಯೇ ಇದೆ.

ನನ್ನ ಸಲಹೆ ಕೇಳಿದರೆ ಈಗ ಮಾಡ್ಯುಲೇಟರ್, ಕೆ1 ಸ್ಪ್ರಿಂಗ್, ಹೊಸ ಆಯಿಲ್, ಫಿಲ್ಟರ್. ಹಾಗೇ ಒಂದು ತಿಂಗಳು ಓಡಿಸಿ. ರಿವರ್ಸ್ ಇನ್ನೂ ತಡ ಮಾಡಿದರೆ, ಮತ್ತು ಬೆಂಗಳೂರು ಓಡಾಟ ಹೀಗೇ ಇದ್ದರೆ, 722.6ಕ್ಕೆ ನಾನು ಬೇಡ ಅನ್ನುವುದಿಲ್ಲ. ಹಳೇ ಗೇರ್ ಬಾಕ್ಸನ್ನು ಮಾತ್ರ ಮಾರಬೇಡಿ. ಆಯಿಲ್ ತುಂಬಿ, ಬಾಯಿಗಳಿಗೆ ಮುಚ್ಚಳ ಹಾಕಿ, ಮನೆಯಲ್ಲೇ ಇಡಿ. ಅದು ಆ ಗಾಡಿಯದು.

ಪ್ರಶ್ನೆ: ನಮ್ಮ ಊರಿನ ಬಿಸಿಲು ನಿಮಗೆ ಗೊತ್ತಲ್ಲ. ಹಳೇ ಆಟೊಮ್ಯಾಟಿಕ್ ಸೆಡಾನ್‌ಗೆ ಬೇರೆ ಆಯಿಲ್ ಕೂಲರ್ ಹಾಕಿಸಬೇಕಾ?
(ವಿಜಯಪುರ)

ಉತ್ತರ: ಹಾಕಿಸಿ. ಆಟೊಮ್ಯಾಟಿಕ್‌ನಲ್ಲಿ ಬಿಸಿ ಹುಟ್ಟುವುದು ಬಹುತೇಕ ಕನ್ವರ್ಟರಿನಲ್ಲಿ. ಗಾಡಿ ಓಡುವಾಗ ಅಲ್ಲ, ತೆವಳುವಾಗ. ಗೋಳಗುಮ್ಮಟದ ಮುಂದಿನ ಟ್ರಾಫಿಕ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತರೆ ರೇಡಿಯೇಟರ್ ನೀರೇ ಕುದಿಯುವಷ್ಟು ಆಗಿರುತ್ತದೆ, ಇನ್ನು ಅದರೊಳಗಿನ ಕೂಲರ್ ಏನು ತಣ್ಣಗಾಗಿಸೀತು? ಆಯಿಲ್ ಮೊದಲು ರೇಡಿಯೇಟರಿನ ಕೂಲರಿಗೆ ಹೋಗಿ, ಅಲ್ಲಿಂದ ಹೊಸದಕ್ಕೆ, ಅಲ್ಲಿಂದ ಗೇರ್ ಬಾಕ್ಸಿಗೆ ಬರಲಿ. ಹೊಸದನ್ನು ಎಸಿ ಕಂಡೆನ್ಸರ್ ಮುಂದೆ ಗಾಳಿ ಬೀಳುವಲ್ಲಿ ಕಟ್ಟಿ. ಪೈಪು ಆಯಿಲ್‌ಗೆಂದೇ ಮಾಡಿದ್ದಿರಲಿ. ಪೆಟ್ರೋಲ್ ಪೈಪು ಬಿಸಿ ಆಯಿಲ್‌ಗೆ ಮೆತ್ತಗಾಗಿ ಕಳಚಿ ಬೀಳುತ್ತದೆ.

ಪ್ರಶ್ನೆ: ಆಟೊಮ್ಯಾಟಿಕ್ ಗಾಡಿ ನಡುದಾರಿಯಲ್ಲಿ ಕೈಕೊಟ್ಟಿತು. ನ್ಯೂಟ್ರಲ್ ಹಾಕಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ 40 ಕಿಲೋಮೀಟರ್ ಎಳೆದು ತಂದೆವು. ಏನಾದರೂ ಆಗಿರಬಹುದಾ?
(ಚಿಕ್ಕೋಡಿ)

ಉತ್ತರ: ಆಗಿರಬಹುದು. ಗೇರ್ ಬಾಕ್ಸಿಗೆ ಆಯಿಲ್ ತಳ್ಳುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ಬಂದ್ ಇದ್ದು ಚಕ್ರ ತಿರುಗಿದರೆ ಒಳಗೆ ಎಲ್ಲ ಒಣಗಿ ತಿಕ್ಕುತ್ತವೆ. ಈಗ ಆಯಿಲ್ ಬಿಳೀ ಬಟ್ಟೆ ಮೇಲೆ ಹಾಕಿ ನೋಡಿ. ಸುಟ್ಟ ವಾಸನೆ, ಹೊಳೆಯುವ ಪುಡಿ ಇಲ್ಲದಿದ್ದರೆ ಬದಲಿಸಿ ಓಡಿಸಿ ನೋಡಬಹುದು. ಮುಂದಿನ ಸಲ ಗಾಡಿ ಹೊತ್ತೊಯ್ಯುವ ಟ್ರಕ್ ಕರೆಸಿ.

ಪ್ರಶ್ನೆ: ಗೇರ್ ಬಾಕ್ಸ್ ಬೇರೆ ಹಾಕಿದರೆ ಆರ್‌ಟಿಓ ತಕರಾರು ಮಾಡುತ್ತಾರಾ?
(ಗೋಕಾಕ)

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಗೇರ್ ಬಾಕ್ಸಿಗೆ ಕಾಲಂ ಇಲ್ಲ ನಿಜ. ಇಲ್ಲ ಅಂತ ಸುಮ್ನಿರಬೇಡಿ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಓಗೆ ಒಂದು ಅರ್ಜಿ ಬರೆದು ಕೇಳಿ, ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಇನ್ಶೂರೆನ್ಸ್‌ನವರಿಗೂ ಪತ್ರ ಕೊಡಿ. ಗುಜರಿಯಲ್ಲಿ ಕೊಂಡ ಬಿಲ್ಲು, ಅದು ಬಂದ ಗಾಡಿಯ ಚಾಸಿ ನಂಬರ್ ಫೈಲಿನಲ್ಲಿರಲಿ. ಕಳವಿನ ಗಾಡಿಯ ಸಾಮಾನು ನಿಮ್ಮ ಕೆಳಗೆ ಇರಬಾರದು, ಅಲ್ವಾ?

ಪ್ರಶ್ನೆ: ಅಣ್ಣಾ, ನಾನು ಈಗಷ್ಟೇ ಆಟೊಮ್ಯಾಟಿಕ್ ಕಲಿತಿದ್ದೇನೆ. ನಮ್ಮ ಮನೆ ಮುಂದೆ ಇಳಿಜಾರು. ಬೆಳಿಗ್ಗೆ ಪಾರ್ಕ್‌ನಿಂದ ತೆಗೆಯುವಾಗ ಲಿವರ್ ಬಿಗಿಯಾಗಿ, ಕೆಳಗೆ "ಕಟ್" ಅಂತ ಜೋರು ಸದ್ದು. ಗೇರ್ ಬಾಕ್ಸ್ ಹಾಳಾಗಿದೆಯಾ?
(ಇಳಕಲ್)

ಉತ್ತರ: ಇಲ್ಲ ತಂಗಿ, ಹಾಳಾಗಿಲ್ಲ. ಪಾರ್ಕ್ ಹಾಕಿದಾಗ ಒಳಗೆ ಬೆರಳಿನಂಥ ಒಂದು ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇಳಿಜಾರಿನಲ್ಲಿ ಗಾಡಿಯ ಪೂರ್ತಿ ಭಾರ ಆ ಬೆರಳಿನ ಮೇಲೆ ರಾತ್ರಿಯಿಡೀ ನಿಂತಿರುತ್ತದೆ. ಬೆಳಿಗ್ಗೆ ಅದನ್ನು ಎಳೆದು ಬಿಡಿಸುವ ಸದ್ದು ಅದು. ಇವತ್ತು ಸಂಜೆಯಿಂದ ಹೀಗೆ ಮಾಡು. ಕಾಲು ಬ್ರೇಕ್ ಮೇಲೆ ಇರಲಿ. ನ್ಯೂಟ್ರಲ್ ಹಾಕು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆ. ಕಾಲು ಮೆಲ್ಲಗೆ ಸಡಿಲಿಸು, ಗಾಡಿ ಒಂದು ಬೆರಳಿನಷ್ಟು ಸರಿದು ಹ್ಯಾಂಡ್ ಬ್ರೇಕ್ ಮೇಲೆ ಕೂತುಕೊಳ್ಳುತ್ತದೆ. ಮತ್ತೆ ಬ್ರೇಕ್ ಒತ್ತಿ, ಆಮೇಲೆ ಪಾರ್ಕ್ ಹಾಕು. ಹೀಗೆ ಮಾಡಿಯೂ ಗಾಡಿ ಸರಿಯುತ್ತಾ ಹೋದರೆ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿಸು. ಅದು ಹತ್ತು ನಿಮಿಷದ ಕೆಲಸ.